ಅಪ್ಪನ ಮಂಚ

ಹೀರೋ ಈ ಕಂಪನಿಗೆ ಬಂದ ದಿನವೇ ಅವನ ಕತ್ತು ಹಿಸುಕಬೇಕು ಎಂದು ಪರದೆಗೆ ಅನ್ನಿಸಿರಲಿಲ್ಲ. ಆ ಆಸೆ ಹುಟ್ಟಿ, ಬೆಳೆದು, ಕೈಕಾಲು ಬಲಿಯಲು ಒಂದಷ್ಟು ತಿಂಗಳು ಹಿಡಿಯಿತು.

ಹೀರೋ, ಪರದೆ ಇವೆರಡೂ ಅವರಿಗೆ ಕಾಲೇಜಿನಲ್ಲಿ ಅಂಟಿಕೊಂಡ ಹೆಸರುಗಳು. ಅವನು ನಾಟಕ ತಂಡದ ಹೀರೋ. ಅವಳು ಪಕ್ಕದ ಪರದೆಯ ಹಿಂದೆ ನಿಂತು ಅವನಿಗೆ ಮಾತು ಎತ್ತಿಕೊಡುತ್ತಿದ್ದವಳು, ಹಾಗಾಗಿ ಪರದೆ. ಮಹಾರಾಯನಿಗೆ ಒಂದು ಸಾಲೂ ಬಾಯಿಪಾಠ ಆಗುತ್ತಿರಲಿಲ್ಲ, ಕಿವಿ ಮಾತ್ರ ಬಲು ಚುರುಕು. ಇಡೀ ಸಾಲು ಕೊಟ್ಟರೆ ಗಲಿಬಿಲಿ. ಮೂರು ನಾಲ್ಕು ಪದಗಳ ತುಂಡು ಮಾಡಿ ಕೊಡಬೇಕು. ಒಂದು ತುಂಡು ಕಿವಿಗೆ ಬಿದ್ದದ್ದೇ ತಡ, ಮುಂದೆ ಏನಿದೆ ಎಂಬ ಗೊಡವೆಯೇ ಇಲ್ಲದೆ ಎದೆಯಾಳದಿಂದ ಬಂದ ಹಾಗೆ ನುಡಿದುಬಿಡುತ್ತಿದ್ದ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಚಪ್ಪಾಳೆ ಅವನಿಗೆ, ಪರದೆಯ ಧೂಳು ಇವಳಿಗೆ. ಆಗ ಅವಳಿಗೆ ಬೇಸರವೇನೂ ಇರಲಿಲ್ಲ. ನಾಲ್ಕು ಜನರ ಎದುರು ಬಾಯಿ ತೆರೆಯುವುದೆಂದರೆ ಅವಳ ಕಾಲು ಗಡಗಡ ನಡುಗುತ್ತಿತ್ತು.

ಈ ಕಂಪನಿ ಆಸ್ಪತ್ರೆಗಳಿಗೆ ಮಂಚ, ಗಾಲಿಕುರ್ಚಿ ಮಾಡುವಂಥದ್ದು. ಅವಳು ವಿನ್ಯಾಸ ವಿಭಾಗದಲ್ಲಿ ತಲೆ ತಗ್ಗಿಸಿಕೊಂಡು ಗೆರೆ ಎಳೆಯುತ್ತ ವರ್ಷಗಳೇ ಕಳೆದಿದ್ದವು. ಅವನು ಮಾರಾಟ ವಿಭಾಗದ ಮ್ಯಾನೇಜರಾಗಿ ಬಂದಿಳಿದ.

“ಏ ಪರದೇ! ನೀನಿಲ್ಲಿ ಕೂತು ಕೊಳೀತಾ ಇದೀಯೇನೇ? ನೋಡ್ತಿರು, ಕಾಲೇಜಿನ ದಿನಗಳನ್ನೇ ವಾಪಸ್ ತರ್ತೀನಿ!”

ತಂದೇಬಿಟ್ಟ. ಊಟದ ಕೋಣೆಯಲ್ಲಿ ಕೇರಂ ಬೋರ್ಡು ಬಂತು. ಎಲ್ಲರಿಗೂ ಅಡ್ಡಹೆಸರು ಬಿತ್ತು. ಸಿಡುಕು ಮೋರೆಯ ಲೆಕ್ಕಿಗ “ಹಾಸ್ಟೆಲ್ ವಾರ್ಡನ್” ಆದ, ಅದಕ್ಕೆ ಅವನೂ ಹಲ್ಲು ಬಿಟ್ಟ. ವೆಲ್ಡಿಂಗ್ ಶೆಡ್ಡಿನವರೂ ಸೋಮವಾರ ಬರಲಿ ಎಂದು ಕಾಯುವಂತಾಯಿತು. ಪರದೆಯೂ ನಕ್ಕಳು, ಸುಳ್ಳೇಕೆ ಹೇಳಬೇಕು. ಆದರೆ ಕಾಲೇಜನ್ನು ತರುವವನು ಅವಳ ಪರದೆಯನ್ನು ಬಿಟ್ಟು ಬರುತ್ತಾನೆಯೇ? ಗಿರಾಕಿಗಳ ಸಭೆಯಿದ್ದಾಗ ಕಿವಿಯೊಳಗೊಂದು ಪುಟ್ಟ ಇಯರ್‌ಫೋನ್ ತೂರಿಸಿಕೊಂಡು ಅವನು ವೇದಿಕೆ ಹತ್ತುತ್ತಿದ್ದ. ಸಭಾಂಗಣದ ಹಿಂದೆ, ತೆರೆಗೆ ಚಿತ್ರ ಬಿಡುವ ಗಾಜಿನ ಕೋಣೆಯಲ್ಲಿ ಕೂತು ಅವಳು ಫೋನಿನಲ್ಲಿ ಮಾತಿನ ತುಂಡುಗಳನ್ನು ಪಿಸುಗುಟ್ಟುತ್ತಿದ್ದಳು. ಅವನು ಮುತ್ತು ಉದುರಿಸುತ್ತಿದ್ದ.

ಇದನ್ನೂ ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಮಂಚದ ವಿಷಯ.

ಆ ಮಂಚವನ್ನು ಅವಳು ತನ್ನ ಅಪ್ಪನಿಗಾಗಿ ಯೋಚಿಸಿದ್ದಳು. ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಪ್ರತಿ ಸಲ ಕಂಕುಳಿಗೆ ಕೈಕೊಟ್ಟು ಎತ್ತುವಾಗ ಮಗಳ ಮುಖ ನೋಡಲಾರದೆ ಆತ ಗೋಡೆಯ ಕಡೆ ತಿರುಗುತ್ತಿದ್ದ. ಉಳಿದ ಎಡಗೈಗೆ ಎಟುಕುವಂತೆ ಅವಳು ಓರೆಯಾದೊಂದು ಹಿಡಿ ಕೂರಿಸಿದಳು; ಮಣಿಕಟ್ಟಿಗೆ ನೋವಾಗದಂತೆ ಅದನ್ನು ಬಗ್ಗಿಸಿ ಬಗ್ಗಿಸಿ ನೋಡಿದಳು. ಅಪ್ಪ ಕೊನೆಯ ಕೆಲವು ವಾರ ತಾನಾಗಿಯೇ ಎದ್ದು ಕೂತ. ಆ ಮಂಚವನ್ನೇ ಕಂಪನಿ ಈಗ ದೊಡ್ಡದಾಗಿ ಹೊರತರಲಿತ್ತು. ಅದನ್ನು ಆಸ್ಪತ್ರೆಯವರ ಮುಂದೆ ತೋರಿಸುವ ದಿನವೇ ವಿನ್ಯಾಸ ವಿಭಾಗಕ್ಕೆ ಹೊಸ ಮುಖ್ಯಸ್ಥರನ್ನು ಆರಿಸುವುದಾಗಿ ಕಂಪನಿಯ ಒಡತಿ ಹೇಳಿದ್ದರು. ಪರದೆ ಆ ಜಾಗಕ್ಕೆ ಆಸೆಪಟ್ಟು ಅರ್ಜಿ ಹಾಕಿದ್ದಳು. ಮಾರಾಟದ ಹೀರೋ ಕೂಡ ಹಾಕಿದ್ದ.

“ನೀನ್ಯಾಕೆ ಹಾಕಿದ್ಯೇ? ನಿಂಗೆ ಮಾತಾಡೋಕೇ ಬರಲ್ವಲ್ಲ,” ಎಂದು ತಾಲೀಮಿನ ದಿನ ನಕ್ಕ. “ಇರ್ಲಿ. ಶುರುನಲ್ಲಿ ಒಂದು ಕರುಳು ಹಿಂಡೋ ಕತೆ ಬೇಕು. ನಿಮ್ಮಪ್ಪನ ಕತೆ ಇದ್ಯಲ್ಲ, ಅದನ್ನೇ ನಮ್ಮಪ್ಪಂದು ಅಂತ ಹೇಳ್ತೀನಿ. ನೀನು ಹೇಳೋದೂ ಒಂದೇ, ನಾನು ಹೇಳೋದೂ ಒಂದೇ. ಫ್ರೆಂಡ್ಸ್ ತಾನೇ?”

ಅವನಪ್ಪ ಗುಂಡುಕಲ್ಲಿನ ಹಾಗಿದ್ದ. ಪರದೆಗೆ ಮೈಯೆಲ್ಲ ಉರಿದುಹೋಯಿತು. ಚಪ್ಪಾಳೆ ಕದ್ದ, ಹೋಗಲಿ ಎಂದಳು. ಮಾತು ಕದ್ದ, ಹಾಳಾಗಲಿ ಎಂದಳು. ಈಗ ಅಪ್ಪನನ್ನೇ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಅವಳು ಹೂಂ ಎಂದಳು. ಇವನನ್ನು ಸುಮ್ಮನೆ ಬಿಟ್ಟರೆ ತಾನು ಅಪ್ಪನ ಮಗಳೇ ಅಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು.

ಆ ದಿನ ಸಭಾಂಗಣದ ತುಂಬ ವೈದ್ಯರು, ದಾದಿಯರು. ಮುಂದಿನ ಸಾಲಿನಲ್ಲಿ ಒಡತಿ. ವೇದಿಕೆಯ ಮೇಲೆ ಮಂಚ. ಹೀರೋ ಅಪ್ಪನ ಕತೆಯನ್ನು, ಯಾವ ಭಾಗ ಬಿದ್ದುಹೋಗಿತ್ತು ಎಂಬುದೊಂದನ್ನು ಬಿಟ್ಟು, ಅದ್ಭುತವಾಗಿ ಹೇಳಿದ. ಒಬ್ಬಿಬ್ಬರು ದಾದಿಯರು ಮೂಗೊರೆಸಿಕೊಂಡರು. ಪರದೆ ಗಾಜಿನ ಕೋಣೆಯಲ್ಲಿ ಅದು ಮುಗಿಯಲೆಂದು ಕಾದಳು. ಆಮೇಲೆ ತಾಲೀಮಿನಲ್ಲಿಲ್ಲದ ತುಂಡುಗಳನ್ನು ಕೊಡತೊಡಗಿದಳು.

“ಈ ಮಂಚದ ಒಂದೊಂದು ಗೆರೆಯನ್ನೂ,” ಎಂದು ಪಿಸುಗುಟ್ಟಿದಳು.

“ಈ ಮಂಚದ ಒಂದೊಂದು ಗೆರೆಯನ್ನೂ!” ಹೀರೋ ಕೈಯೆತ್ತಿದ.

“ಒಬ್ಬಳೇ ಕೂತು ಎಳೆದವಳು.”

“ಒಬ್ಬಳೇ ಕೂತು ಎಳೆದವಳು...”

“ಹಿಂದಿನ ಗಾಜಿನ ಕೋಣೆಯಲ್ಲಿದ್ದಾಳೆ.”

“ಹಿಂದಿನ ಗಾಜಿನ ಕೋಣೆಯಲ್ಲಿದ್ದಾಳೆ!”

ಹೇಳಿ ಮುಗಿಸಿದ ಮೇಲೆಯೇ ತಾನೇನು ಹೇಳಿದೆನೆಂದು ಅವನಿಗೆ ತಿಳಿದದ್ದು. ತೆರೆದ ಬಾಯಿ ಹಾಗೇ ಇತ್ತು. ಆ ಮುಖವನ್ನು ಗಾಜಿನಾಚೆಯಿಂದ ಕಂಡು ಪರದೆಗೆ ಹಬ್ಬವಾಯಿತು.

ಹಬ್ಬ ಬಹಳ ಹೊತ್ತು ಉಳಿಯಲಿಲ್ಲ. ಒಡತಿ ಚಪ್ಪಾಳೆ ತಟ್ಟಿದರು, ಹಿಂದೆಯೇ ಇಡೀ ಸಭೆ ತಟ್ಟಿತು. ಹೀರೋ ಸಾಮಾನ್ಯನೇ? ಆ ಸದ್ದಿನಲ್ಲೇ ಸುಧಾರಿಸಿಕೊಂಡುಬಿಟ್ಟ.

“ಹೌದು! ಅಪ್ಪನ ನೋವು ಕಂಡೋನು ನಾನು, ಯೋಚನೆ ನಂದು. ಗೆರೆ ಎಳೆದ ಕೈ ಮಾತ್ರ ನನ್ನ ಗೆಳತೀದು! ಕಾಲೇಜಿಂದ್ಲೂ ನಾವು ಹೀಗೇ. ಬಾರೇ, ಮುಂದಕ್ಕೆ ಬಾ!”

ಎಲ್ಲರೂ ಕತ್ತು ಹೊರಳಿಸಿ ನೋಡುತ್ತಿದ್ದರು. ಅವಳು ಏಳಲೇಬೇಕಾಯಿತು. ಮುಂದಿನ ಸಾಲು ದಾಟುವಾಗ ಒಡತಿ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. “ಎಷ್ಟು ದೊಡ್ಡ ಮನಸ್ಸು ನೋಡಿ. ಮುಖ್ಯಸ್ಥ ಅಂದ್ರೆ ಹೀಗಿರ್ಬೇಕು.”

ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹೀರೋ ಅವಳ ಹೆಗಲ ಮೇಲೆ ಕೈಯಿಟ್ಟು ಸಭೆಯತ್ತ ಬೀಗಿದ.

“ಒಂದು ಮಾತು ಕೇಳ್ಲಾ?” ಒಡತಿ ಎದ್ದು ನಿಂತರು. “ನಮ್ಮನೆಯವರೂ ಬಹಳ ದಿನ ಮಲಗಿದಲ್ಲೇ ಇದ್ರು. ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ತಂದೆಯವರಿಗೆ ಹಿಡಿ ಎಡಗಡೆಗೇ ಯಾಕೆ ಬೇಕಾಯ್ತು? ಅದೂ ಹೀಗೆ ಓರೆಯಾಗಿ?”

“ಒಳ್ಳೇ ಪ್ರಶ್ನೆ ಮೇಡಂ,” ಎಂದು ಹೀರೋ ನಕ್ಕು, ಕಿವಿಗೊಟ್ಟು ನಿಂತ.

ಕಿವಿಗೆ ಏನೂ ಬೀಳಲಿಲ್ಲ. ಮಾತು ಕೊಡಬೇಕಾದವಳನ್ನು ಅವನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ಎಲ್ಲರ ಕಣ್ಣೂ ಅವಳ ತುಟಿಯ ಮೇಲಿತ್ತು. ಬೇಗ ಕೊಡೇ ಎಂದು ಅವನು ಓರೆಗಣ್ಣಿನಲ್ಲಿ ಅಂಗಲಾಚಿದ.

“ನೀವು ಹೇಳ್ತೀರಾ?” ಒಡತಿ ಪರದೆಯನ್ನು ಕೇಳಿದರು.

“ಅವರಪ್ಪನ ವಿಷಯ ಮೇಡಂ,” ಎಂದಳು ಪರದೆ. “ಅವರೇ ಹೇಳ್ಲಿ.”

“ಅಪ್ಪ... ಅಪ್ಪ ಎಡಚ ಮೇಡಂ,” ಎಂದ ಹೀರೋ.

“ಹೌದಾ? ಈಗ ಹೇಗಿದ್ದಾರೆ?”

“ಚೆನ್ನಾಗಿದ್ದಾರೆ ಮೇಡಂ, ದಿನಾ ಬೆಳಿಗ್ಗೆ ಬ್ಯಾಡ್ಮಿಂಟನ್...”

ಅಲ್ಲಿಗೆ ನಾಲಿಗೆ ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬಳು ದಾದಿ ಕಿಸಕ್ಕನೆ ನಕ್ಕಳು. ಒಡತಿ ನಗಲಿಲ್ಲ. ಸೇಡು ತೀರಿಸಿಕೊಂಡರೆ ಮನಸ್ಸಿಗೆ ಸುಖವಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಅವರು ಯಾರ ಮೇಲೂ ಸರಿಯಾಗಿ ತೀರಿಸಿಕೊಂಡಿರಲಾರರು. ಪರದೆಗಂತೂ ಹೊಟ್ಟೆ ತಣ್ಣಗಾಯಿತು.

“ಈ ಮಂಚದ ಮೇಲೆ ಮಲಗಿದ್ದು ಯಾರ ಅಪ್ಪ?” ಒಡತಿಯ ದನಿ ಗಡುಸಾಗಿತ್ತು.

ಹೀರೋ ಮೈಕನ್ನು ಎದೆಗವಚಿಕೊಂಡು ನಿಂತಿದ್ದ. ಪರದೆ ಕೈ ಚಾಚಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ತೆಗೆದುಕೊಂಡಳು.

“ನಮ್ಮಪ್ಪ ಮೇಡಂ,” ಎಂದಳು.