ಸಕ್ಕರೆ ಈ ವಾರ ಎಲ್ಲಿ

"ಸಕ್ಕರೆ ಎಲ್ಲಿಟ್ಟಿದ್ದಾನೋ ಮಹಾರಾಯ!" ಎನ್ನುತ್ತ ಇಲಿಯಣ್ಣನ ತಂಗಿ ಮೂರನೆಯ ಡಬ್ಬದ ಮುಚ್ಚಳ ಕಿತ್ತಳು. ಅದರಲ್ಲಿ ಅಂಗಿ ಗುಂಡಿಗಳಿದ್ದವು. ಹೊರಗಿನ ಕೋಣೆಯಲ್ಲಿ ಅಣ್ಣ ಕೊನೆಯ ಬಾರಿ ಮಂಚದ ಮೇಲೆ ಮಲಗಿದ್ದ. ಬಂದವರಿಗೆ ಒಂದು ಲೋಟ ಚಹಾ ಮಾಡೋಣವೆಂದರೆ ಈ ಮನೆ ಬಿಡುತ್ತಿರಲಿಲ್ಲ.

"ವಾರಕ್ಕೊಂದು ಸಲ ಮನೆಯನ್ನೆಲ್ಲ ತಲೆಕೆಳಗು ಮಾಡ್ತಿದ್ದ. ನಮ್ಮತ್ತಿಗೆಗೆ ಭೂಮಿತಾಯಿ ಸಹನೆ," ಎಂದಳು, ಬಾಗಿಲಲ್ಲಿ ನಿಂತಿದ್ದ ಮೇಡಂ ಕಡೆ ತಿರುಗಿ.

ಮೇಡಂ ಮಿದುಳಿನ ಪ್ರಯೋಗಾಲಯದ ಮುಖ್ಯಸ್ಥೆ. ಇಲಿಯಣ್ಣ ಅಲ್ಲಿ ಇಪ್ಪತ್ತೆರಡು ವರ್ಷ ಇಲಿಗಳ ಗೂಡು ತೊಳೆದು ಕಾಳು ನೀರು ಹಾಕಿದವನು.

"ಸಹನೆಯಂತೆ ಸಹನೆ! ಬೈದೂ ಬೈದೂ ನಾಲಿಗೆ ಸವೀತು," ಎನ್ನುತ್ತ ಅವನ ಹೆಂಡತಿ ಒಳಗೆ ಬಂದರು. ಕಣ್ಣು ಊದಿಕೊಂಡಿದ್ದವು. ನೇರವಾಗಿ ಕಿಟಕಿಗೆ ಕೈಚಾಚಿ, ಪರದೆಯ ಹಿಂದಿನಿಂದ ಸಕ್ಕರೆ ತೆಗೆದುಕೊಟ್ಟರು. "ನೀವು ಮೇಡಂ ಅಲ್ವಾ? ಆರು ವರ್ಷದ ಹಿಂದೆ ಒಂದೇ ಸಲ ಬಂದಿದ್ರಿ. ಹಸಿರು ಕೊಡೆ ಇಲ್ಲೇ ಮರೆತು ಹೋದ್ರಿ."

ಮೇಡಂಗೆ ಕೊಡೆಯ ನೆನಪೇ ಇರಲಿಲ್ಲ. ನೆನಪಿದ್ದದ್ದು ಆ ವರ್ಷ ಇಲಿಯಣ್ಣ ತಂದಿದ್ದ ಸುದ್ದಿ: ಹೆಂಡತಿಗೆ ಮರೆವಿನ ಕಾಯಿಲೆ, ಎರಡು ವರ್ಷದಲ್ಲಿ ಗಂಡನ ಗುರುತೂ ಸಿಗಲಿಕ್ಕಿಲ್ಲ ಎಂದಿದ್ದರು ಡಾಕ್ಟರು.

*

ಆವತ್ತು ಅವನು ಡಾಕ್ಟರ ಚೀಟಿ ಮಡಚಿ ಜೇಬಿಗಿಟ್ಟು, "ಮುದಿ ಇಲಿ ತಲೆಯಲ್ಲಿ ಕೊಂಡಿ ಕಳಚ್ತವೆ ಅಂತೀರಲ್ಲ ಮೇಡಂ, ಮತ್ತೆ ಕೂಡಲ್ವಾ?" ಎಂದು ಕೇಳಿದ್ದ.

ಮೇಡಂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಎರಡು ವರ್ಷದ ಮುದಿ ಇಲಿಯ ನರಕೋಶ. ಎಳೆಯ ಇಲಿಯಲ್ಲಿ ಕೊಂಬೆಯ ತುಂಬ ಮೊಗ್ಗಿನ ಹಾಗೆ ಕಾಣುವ ಕೊಂಡಿಗಳು ಇದರಲ್ಲಿ ಅಲ್ಲಲ್ಲಿ ಉದುರಿದ್ದವು. ಒಂದೆರಡು ಕಡೆ ಮಾತ್ರ ಹೊಸದಾಗಿ ಮೂಡಿದ್ದವು.

"ಇವು ಹೇಗೆ ಬಂದ್ವು?"

"ಗೂಡಲ್ಲಿ ಸಾಮಾನಿನ ಜಾಗ ಬದಲಿಸ್ತಾ ಇದ್ರೆ ಕೆಲವಕ್ಕೆ ಬರುತ್ತೆ. ಅದೂ ಇಲಿಗೆ. ಮನುಷ್ಯರ ವಿಷಯ ನಂಗೊತ್ತಿಲ್ಲಪ್ಪ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅವನು ಒಂದು ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಅದನ್ನೇ ನೋಡಿದ್ದ.

*

ಮಣ್ಣು ಹಾಕುವಾಗ ಮೇಡಂಗೆ ಎಲ್ಲ ಹೊಳೆಯಿತು. ತಾವು ಹೇಳಿ ಮರೆತ ಒಂದು ಮಾತನ್ನು ಹಿಡಿದುಕೊಂಡು ಈ ಮನುಷ್ಯ ಆರು ವರ್ಷ, ಯಾರಿಗೂ ಹೇಳದೆ, ಹೆಂಡತಿಯ ಬೈಗುಳ ತಿನ್ನುತ್ತ ಸಕ್ಕರೆ ಡಬ್ಬ ಬಚ್ಚಿಟ್ಟಿದ್ದ.

ಮನೆಗೆ ಬಂದ ಮೇಲೆ ತಂಗಿ ಅತ್ತಿಗೆಯ ಬಟ್ಟೆ ಜೋಡಿಸತೊಡಗಿದಳು. "ನಮ್ಮನೇಲಿ ಎಲ್ಲಾ ಇಟ್ಟಲ್ಲೇ ಇರುತ್ತೆ ಅತ್ತಿಗೆ. ಹುಡುಕೋ ಪಾಡಿಲ್ಲ. ಸುಮ್ಮನೆ ಕೂತಿರಿ."

ಹುಡುಕಿ ಹುಡುಕಿಯೇ ಅತ್ತಿಗೆಯ ನೆನಪು ಉಳಿಯಿತು ಎನ್ನಲು ಮೇಡಂ ಹತ್ತಿರ ಪುರಾವೆ ಇರಲಿಲ್ಲ. ಅಲ್ಲ ಎನ್ನಲು ಧೈರ್ಯವಿರಲಿಲ್ಲ.

"ಇಲ್ಲೇ ಇರಲಿ ಬಿಡಮ್ಮ. ವಾರವಾರ ನಾನು ಬರ್ತೀನಿ."

"ನೀವ್ಯಾಕೆ?" ತಂಗಿ ಕಣ್ಣರಳಿಸಿದಳು.

"ಅವರು ಮಾಡ್ತಿದ್ದ ಕೆಲಸ ನಿಲ್ಲಬಾರದು."

ಹೆಂಡತಿ ಎದ್ದು ಮಂಚದ ಒಂದು ತುದಿ ಹಿಡಿದರು. "ಮಂಚ ಇಲ್ಲಿರೋದು ನೋಡಕ್ಕಾಗಲ್ಲ. ಆ ಕಡೆ ಹಿಡೀರಿ," ಎಂದರು.

ಇಬ್ಬರೂ ಎತ್ತಿದರು. ಮೇಡಂ ನೆಲ ನೋಡಿದರು. ಗೋಡೆಯಿಂದ ಗೋಡೆಯವರೆಗೆ ಮಂಚದ ಕಾಲಿನ ಗೀರುಗಳು, ನೂರಾರು, ಒಂದರ ಮೇಲೊಂದು. ಹೆಂಡತಿ ಮಂಚ ಹಿಡಿದುಕೊಂಡೇ, ಗೀರು ಬೀಳದ ಜಾಗವನ್ನು ಕಣ್ಣಲ್ಲೇ ಹುಡುಕತೊಡಗಿದರು.