ಪೆತಾಂಗಳ ಸರದಿ

ನನ್ನ ಹುಟ್ಟುಹಬ್ಬಕ್ಕೆ ಬಂದವರು ಒಂದು ಹಾಡನ್ನಾದರೂ ಹಾಡದೆ ಮನೆಗೆ ಹೋಗುವಂತಿಲ್ಲ. ಇಲೊಯಿಲೊ ಊರಿನ ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಪಾದ್ರಿ ಬಂದರೂ ಬಿಡುವುದಿಲ್ಲ, ಕೆಮ್ಮುತ್ತ ಬಂದವರನ್ನೂ ಬಿಡುವುದಿಲ್ಲ. ಟಿವಿಯ ಕೆಳಗೆ ನಮ್ಮ ಹಳೇ ಗೇಮ್ ಕನ್ಸೋಲ್ ಇದೆ. ಮುಚ್ಚಳ ಸಡಿಲವಾಗಿರುವುದರಿಂದ ಅದರ ಮೇಲೊಂದು ಮೀನಿನ ಡಬ್ಬಿ ಹೇರಿದ್ದೇವೆ. ಹಾಡಿನ ಆಟದ ಡಿಸ್ಕ್ ಹಾಕಿ ಎರಡು ಮೈಕು ಸಿಕ್ಕಿಸಿದರೆ ಮುಗಿಯಿತು, ಅದು ಕೊಟ್ಟ ಅಂಕವೇ ತೀರ್ಪು.

ಒಬ್ಬಳನ್ನು ಮಾತ್ರ ಒಂದು ವರ್ಷದಿಂದ ಬಿಟ್ಟುಬಿಟ್ಟಿದ್ದೆವು. ನನ್ನ ತಂಗಿ ಪೆತಾಂಗ್. ಓಣಿಯಲ್ಲಿ ಅವಳನ್ನು ಮೀರಿಸಿ ಹಾಡುವವರೇ ಇರಲಿಲ್ಲ. ಲಕ್ವ ಹೊಡೆದ ಮೇಲೆ ಕೈಕಾಲು ಸರಿಹೋದವು, ಮಾತು ಬರಲಿಲ್ಲ. ಮೈಕು ಅವಳ ಹತ್ತಿರ ಬಂದಾಗಲೆಲ್ಲ ಅವಳ ಗಂಡ ಅನ್ಸೆಲ್ಮೊ ತಾನೇ ಕೈ ಚಾಚಿ ತೆಗೆದುಕೊಂಡು ಮುಂದಕ್ಕೆ ದಾಟಿಸುತ್ತಿದ್ದ. ಒಳ್ಳೆಯ ಮನಸ್ಸಿನಿಂದಲೇ, ಪಾಪ. ಅವಳ ಮುಖ ಕೆಂಪಾಗುತ್ತಿತ್ತು. ನಾಚಿಕೆ ಇರಬೇಕು ಎಂದುಕೊಂಡು ನಾವೆಲ್ಲ ಬೇರೆ ಕಡೆ ನೋಡುತ್ತಿದ್ದೆವು.

ಈ ಸಲವೂ ಅನ್ಸೆಲ್ಮೊ ಕೈ ಚಾಚಿದ. ಪೆತಾಂಗ್ ಆ ಕೈಗೆ ಫಟ್ಟನೆ ಹೊಡೆದು ಮೈಕು ಕಸಿದುಕೊಂಡಳು. ನಾಚಿಕೆಯಂತೆ, ನಾಚಿಕೆ! ವರ್ಷಪೂರ್ತಿ ಅವಳಿಗೆ ಬಂದಿದ್ದು ಸಿಟ್ಟು.

"ಬೇಡ ಕಣೇ," ಅಂದ ಅವನು ಮೆಲ್ಲಗೆ. "ಸುಮ್ನೆ ಯಾಕೆ ಎಲ್ರ ಮುಂದೆ..."

"ಬಾಯ್ ಮುಚ್ಕೊಂಡು ಕೂತ್ಕೊಳೋ ಮಾರಾಯ!" ಅಂದೆ ನಾನು. "ಹುಟ್ಟುಹಬ್ಬ ನಂದು. ಅವಳ ಸರದಿ ಅವಳಿಗೆ ಬಿಡು."

ಹಾಡು ಶುರುವಾಯಿತು. ಪೆತಾಂಗ್ ಬಾಯಿ ತೆರೆದಳು, ಪದ ಹೊರಡಲಿಲ್ಲ. ಮೊದಲ ಸಾಲು ಹೋಯಿತು, ಎರಡನೆಯದೂ ಹೋಯಿತು. ಪನ್ಸಿತ್ ನೂಡಲ್ಸಿನ ತಟ್ಟೆ ಹಿಡಿದವರು ಹಿಡಿದಂತೆಯೇ ಕೂತಿದ್ದರು. ಆಮೇಲೆ ಅವಳು ತುಟಿ ಮುಚ್ಚಿ, "ಊಂ" ಎಂದು ರಾಗ ಹಿಡಿದಳು.

ಅಯ್ಯೋ ದೇವರೇ, ಅದೇ ದನಿ! ತೆರೆಯ ಮೇಲಿನ ಗೆರೆ ಏರಬೇಕಾದಲ್ಲಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ಆ ಯಂತ್ರ ನೋಡುವುದು ಶ್ರುತಿಯನ್ನಷ್ಟೇ, ಪದದ ಗೊಡವೆ ಅದಕ್ಕಿಲ್ಲ. ಎರಡು ಸಾಲು ಬಿಟ್ಟುಹೋಗಿದ್ದರೂ ಆ ದಿನದ ಅತಿ ಹೆಚ್ಚಿನ ಅಂಕ ಅವಳಿಗೇ ಬಂತು.

"ಮೋಸ! ಒಂದ್ ಪದಾನೂ ಹೇಳ್ಲಿಲ್ಲ!" ಎಂದು ಪಕ್ಕದ ಮನೆಯ ಕ್ರಿಸ್ಪುಲೊ ಕೂಗಿದ. ಅಲ್ಲಿಯವರೆಗೆ ಗೆಲ್ಲುತ್ತಿದ್ದವನು ಅವನೇ.

"ನೀನು ಎಲ್ಲಾ ಪದಾನೂ ಹೇಳಿ ಏನ್ ಕಡಿದು ಕಟ್ಟೆ ಹಾಕ್ದೆ?" ಅಂದೆ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಪೆತಾಂಗ್ ಇನ್ನೊಂದು ಮೈಕನ್ನೆತ್ತಿ ಗಂಡನ ಎದೆಗೆ ಒತ್ತಿದಳು. ತೆರೆಯ ಮೇಲಿನ ಪದಗಳತ್ತ ಬೆರಳು ತೋರಿಸಿದಳು. ರಾಗ ಅವಳದು, ಪದ ಅವನದು. ಅನ್ಸೆಲ್ಮೊಗೆ ಶ್ರುತಿಯ ಗಂಧವೇ ಇಲ್ಲ, ಅದರ ಮೇಲೆ ಅಳುವಿನ ಬಿಕ್ಕಳಿಕೆ ಬೇರೆ. ಅಂಕ ಪಾತಾಳಕ್ಕಿಳಿಯಿತು.

"ನಿಂಗೆ ಅವಮಾನ ಆಗುತ್ತೆ ಅಂದ್ಕೊಂಡಿದ್ದೆ ಕಣೇ," ಅಂದ ಅವನು ಮೈಕಿನಲ್ಲೇ. ಇಡೀ ಓಣಿಗೆ ಕೇಳಿಸಿತು.

ಅವಳು ಅವನ ಬೆನ್ನಿಗೊಂದು ಗುದ್ದಿ, ಅದೇ ಹಾಡನ್ನು ಮೊದಲಿನಿಂದ ಹಾಕಿಸಿದಳು.