ಹರಾಜುಗಾರರ ಗಂಟಲು

ಅವರ ಕಂಠಕ್ಕೆ ಧ್ವನಿವರ್ಧಕವೆಂದರೆ ಅವಮಾನ. ಹಳೆಯ ಪೀಠೋಪಕರಣಗಳ ಹರಾಜು ಮಳಿಗೆಯ ಎತ್ತರದ ಹಲಗೆಯ ಮೇಲೆ, ಮೊಣಕಾಲು ಮುಟ್ಟುವ ಕಪ್ಪು ಕೋಟು ತೊಟ್ಟು, ಒಂದು ಪಾದವನ್ನು ತುಸು ಮುಂದಿಟ್ಟು ಅವರು ಬಾಯಿ ತೆರೆದರೆಂದರೆ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ನೆಟ್ಟಗಾಗುತ್ತಿದ್ದರು. ಸತ್ತವರ ಮಂಚ, ಮುರಿದ ಸಂಸಾರದ ತೊಟ್ಟಿಲು, ಹಾಸಿಗೆ ಹಿಡಿದ ಮುದುಕಿಯ ಕಮೋಡು ಕುರ್ಚಿ, ಯಾವುದನ್ನೂ ಅವರು ಮರೆಮಾಚಿ ಮಾರಿದವರಲ್ಲ. "ಸಂಕೋಚ ಬೇಡ ಸ್ವಾಮಿ, ಕೂತು ನೋಡಿ! ಕೂರೋಕೆ ತಾನೇ ಮಾಡಿರೋದು?" ಎಂದು ಅವರು ಗರ್ಜಿಸಿದಾಗ ಇಡೀ ಸಭೆ ನಗುತ್ತಿತ್ತು, ಆ ನಗುವಿನಲ್ಲಿಯೇ ಮುದುಕಿಯ ಕುರ್ಚಿ ಕೈ ಬದಲಾಗಿಬಿಡುತ್ತಿತ್ತು.

ಪರರ ಮನೆಯ ಒಳಕೋಣೆಗಳನ್ನು ಹೀಗೆ ನಿರ್ವಿಕಾರವಾಗಿ ಬೀದಿಗೆ ತರುತ್ತಿದ್ದ ಈ ಮನುಷ್ಯ, ಆಸ್ಪತ್ರೆಯ ಚೀಟಿ ಬರೆಸುವ ಕಿಟಕಿಯೆದುರು ನಿಂತ ದಿನ ಮಾತ್ರ ಇಲಿಯಾಗಿಬಿಟ್ಟರು. ಮೂತ್ರಕ್ಕೆ ಹೋಗಬೇಕೆಂಬ ಅವಸರ, ಹೋದರೆ ಹನಿಹನಿಯಾಗಿ ಸತಾಯಿಸುವ ಧಾರೆ, ಬಂದ ಮೇಲೆ ಮತ್ತದೇ ಅವಸರ: ಇದು ಹಲವು ತಿಂಗಳ ಕಥೆ. ಕಿಟಕಿಯ ಹುಡುಗಿ, "ಏನು ತೊಂದರೆ?" ಎಂದಳು. ಅವರು ಬಗ್ಗಿ ಏನೋ ಪಿಸುಗುಟ್ಟಿದರು. "ಸ್ವಲ್ಪ ಜೋರಾಗಿ ಹೇಳಿ ಸರ್, ಕೇಳಿಸ್ತಿಲ್ಲ." ಬೆನ್ನ ಹಿಂದೆ ಸಾಲು, ಸಾಲಿನಲ್ಲಿ ಒಂದೆರಡು ಪರಿಚಿತ ಮುಖ. ಹರಾಜುಗಾರರ ಕಿವಿ ಕೆಂಪಾಯಿತು.

"ಗಂಟಲು," ಎಂದುಬಿಟ್ಟರು.

ಗಂಟಲಿನ ವೈದ್ಯರು ದೀಪ ಹಿಡಿದು, "ಆ ಅನ್ನಿ" ಎಂದು, ಇಂಥ ಸೊಗಸಾದ ಗಂಟಲನ್ನು ಈಚೆಗೆ ನೋಡಿಲ್ಲವೆಂದು ಹೊಗಳಿ, ಚೀಪುವ ಮಾತ್ರೆ ಕೊಟ್ಟು ಕಳಿಸಿದರು. ಕೊಟ್ಟದ್ದನ್ನು ಚೀಪದೆ ಎಸೆಯುವುದು ಅಪ್ರಾಮಾಣಿಕತೆ ಎಂಬ ವಿಚಿತ್ರ ಧರ್ಮಸೂಕ್ಷ್ಮದಿಂದ ಅವರು ಅಷ್ಟನ್ನೂ ಚೀಪಿ ಮುಗಿಸಿದರು, ಬಹುಪಾಲು ಶೌಚಾಲಯದಲ್ಲಿ ನಿಂತುಕೊಂಡೇ.

ಕೊನೆಗೆ ದೂರದ ಬಡಾವಣೆಯ, ಗುರುತಿನವರು ಕಾಲಿಡದ ಆಸ್ಪತ್ರೆಯೊಂದನ್ನು ಹುಡುಕಿಕೊಂಡು ಹೋದರು. ಅಲ್ಲಿ ಸಿಕ್ಕ ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ರಕ್ತಪರೀಕ್ಷೆ, ಸ್ಕ್ಯಾನ್, ಆಮೇಲೆ ಸೂಜಿಯಿಂದ ಚೂರು ತೆಗೆಯುವ ಬಯಾಪ್ಸಿ. ಆ ಮೇಜಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಷ್ಟು ಹೊತ್ತು ತಾವು ಹರಾಜಿಗಿಟ್ಟ ವಸ್ತುಗಳೆಲ್ಲ ಅವರ ಕಣ್ಮುಂದೆ ಹಾದುಹೋದವು. ವರದಿ ಬಂದಾಗ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಹೇಳಿದರು: "ಪ್ರಾಸ್ಟೇಟ್ ಗ್ರಂಥಿ ಊದಿದೆ. ನಿಮ್ಮ ತೊಂದರೆಗೆಲ್ಲ ಕಾರಣ ಆ ಊತ. ಅದನ್ನ ಹುಡುಕೋಕೆ ಹೋದಾಗ ಅದರೊಳಗೆ ಕ್ಯಾನ್ಸರೂ ಸಿಕ್ಕಿದೆ. ಹೊರಗೆ ಹರಡಿಲ್ಲ. ಅವಸರ ಬೀಳಬೇಕಾಗಿಲ್ಲ, ಆದರೆ ಸುಮ್ಮನಿರೋ ಹಾಗೂ ಇಲ್ಲ. ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ."

ಮನೆಗೆ ಹೋಗಿ ಹೆಂಡತಿಗೆ ಅವರು ಹೇಳಿದ್ದು, "ಮೂತ್ರಪಿಂಡದಲ್ಲಿ ಸಣ್ಣ ಕಲ್ಲು." ಕಲ್ಲೆಂದರೆ ಮರ್ಯಾದಸ್ಥ ಕಾಯಿಲೆ. ನಾಲ್ಕು ಜನರ ನಡುವೆ ಕೂತು ಅದರ ಗಾತ್ರವನ್ನು ವರ್ಣಿಸಬಹುದು. ಆದರೆ ಕಲ್ಲಿಗೆ ನೀರು ಕುಡಿಯಬೇಕೆಂದು ಬಲ್ಲ ಆ ಸಾಧ್ವಿ, ಹೊತ್ತುಹೊತ್ತಿಗೆ ತಂಬಿಗೆ ತಂದು ಎದುರಿಗೇ ನಿಂತು ಕುಡಿಸತೊಡಗಿದರು. ತಮ್ಮ ಸುಳ್ಳನ್ನು ಹರಾಜುಗಾರರು ಗುಟುಕುಗುಟುಕಾಗಿ ನುಂಗಬೇಕಾಯಿತು. ಮಾತುಮಾತಿಗೆ ಬಚ್ಚಲಿಗೆ ಓಡಬೇಕಾಯಿತು. ಹೆಜ್ಜೆ ಸಣ್ಣದಾಯಿತು. ಬೇಸಗೆಯಲ್ಲೂ ಕೋಟು ಮೈಮೇಲಿಂದ ಇಳಿಯಲಿಲ್ಲ.

ಮುಂದಿನ ಭೇಟಿಗೆ ಅವರು ಒಬ್ಬರೇ ಹೋದರು. ಕೆಲವರಿಗೆ ಚಿಕಿತ್ಸೆಯಿಲ್ಲದೆ, ಆಗಾಗ ಪರೀಕ್ಷೆ ಮಾಡುತ್ತ ಕಾದು ನೋಡುವುದೂ ಒಂದು ದಾರಿಯೆಂದು ಎಲ್ಲೋ ಓದಿದ್ದರು. "ನಾನು ಅದನ್ನೇ ಆರಿಸಿಕೊಳ್ತೀನಿ," ಎಂದರು.

ಡಾಕ್ಟರು ಅವರನ್ನೇ ದಿಟ್ಟಿಸಿದರು. "ಯಾಕೆ?"

ಉಳಿದ ದಾರಿಗಳಲ್ಲಿ ಯಾರಿಗಾದರೂ ಏನಾದರೂ ಹೇಳಬೇಕಾಗಿತ್ತು, ಇದೊಂದರಲ್ಲಿ ಬೇಕಾಗಿರಲಿಲ್ಲ.

"ಕಾದು ನೋಡೋದು ಬೇರೆ, ಬಚ್ಚಿಟ್ಟುಕೊಳ್ಳೋದು ಬೇರೆ," ಎಂದರು ಆಕೆ. "ನಿಮ್ಮದು ಅಷ್ಟು ಸೌಮ್ಯವಾದ ಗೆಡ್ಡೆ ಅಲ್ಲ. ನನ್ನ ಸಲಹೆ ಚಿಕಿತ್ಸೆಯೇ."

ಅಷ್ಟಾದರೂ ಮನೆಯಲ್ಲಿ ಅವರು ಬಾಯಿ ಬಿಡಲಿಲ್ಲ. ಬಿಡಿಸಿದ್ದು ಆಸ್ಪತ್ರೆಯ ಫೋನು. ಅವರು ಬಚ್ಚಲಲ್ಲಿದ್ದಾಗ ಹೆಂಡತಿ ಎತ್ತಿಕೊಂಡರು. ಹೊರಬಂದಾಗ ಆಕೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಕೈ ಒಣಗಿದ್ದರೂ ಒರೆಸುತ್ತಲೇ ಇದ್ದರು.

"ಇಷ್ಟು ವರ್ಷ ನಿಮ್ಮ ಒಳಚಡ್ಡಿ ಒಗೆದವಳಿಗೆ ಗೊತ್ತಾಗಬಾರದಂಥದ್ದು ಏನಿತ್ತುರೀ?"

ಅವರು ತಲೆ ತಗ್ಗಿಸಿದರು.

"ಬಟ್ಟೆ ನೀವೇ ಒಗೆದುಕೊಳ್ಳೋಕೆ ಶುರು ಮಾಡಿದ್ರಿ. ಫೋನು ಬಂದರೆ ಹೊರಗೆ ಹೋಗ್ತಿದ್ರಿ. ಹಾಸಿಗೆ ಬೇರೆ ಮಾಡಿದ್ರಿ. ನಾನು ಏನು ಅಂದುಕೊಂಡೆ ಗೊತ್ತಾ? ಯಾರೋ ಹೆಂಗಸು ಇದ್ದಾಳೆ ಅಂದುಕೊಂಡೆ."

ಆ ಕ್ಷಣದಲ್ಲಿ, ಅಂಥ ಹೊತ್ತಿನಲ್ಲೂ, ಹರಾಜುಗಾರರ ಎದೆಯೊಳಗೆ ಸಣ್ಣದೊಂದು ಹೆಮ್ಮೆ ಮಿನುಗಿಹೋಯಿತು: ಈ ವಯಸ್ಸಿನಲ್ಲೂ ಅವಳಿಗೆ ಹಾಗನ್ನಿಸಿತಲ್ಲ! ಮರುಕ್ಷಣ ಹೆಂಡತಿಯ ಕೆಂಪಾದ ಕಣ್ಣು ನೋಡಿದರು. ತಿಂಗಳುಗಟ್ಟಲೆ ಆಕೆ ಆ ಅನುಮಾನವನ್ನು ಒಬ್ಬಳೇ ನುಂಗಿಕೊಂಡು ತಮಗೆ ತಂಬಿಗೆ ತಂಬಿಗೆ ನೀರು ಕುಡಿಸಿದ್ದಳು. ತಮ್ಮ ಬದುಕಿನಲ್ಲಿ ಪಟ್ಟ ನಾಚಿಕೆಗಳಲ್ಲೆಲ್ಲ ಅದೇ ದೊಡ್ಡದೆಂದು, ಬಹಳ ಕಾಲದ ಮೇಲೆ, ಅವರೇ ಒಪ್ಪಿಕೊಂಡರು.

ಮರುವಾರ ಇಬ್ಬರೂ ಹೋದರು. ಹೆಂಡತಿ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಆಪರೇಷನ್ ಮಾಡಿದರೆ ಏನು, ರೇಡಿಯೇಷನ್ ಕೊಟ್ಟರೆ ಏನು, ಯಾವುದರಲ್ಲಿ ಆಯುಸ್ಸು ಹೆಚ್ಚು? ಆಯುಸ್ಸಿನ ಲೆಕ್ಕದಲ್ಲಿ ಅಂಥ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಅನುಭವಿಸಬೇಕಾದ ತೊಂದರೆಗಳಲ್ಲಿ ಎಂದರು ಡಾಕ್ಟರು. ಇವರಿಗೆ ಈಗಾಗಲೇ ಮೂತ್ರದ ದಾರಿ ಇಕ್ಕಟ್ಟು. ರೇಡಿಯೇಷನ್ನಿನಿಂದ ಅದು ಇನ್ನಷ್ಟು ಬಿಗಿಯಬಹುದು. ಗ್ರಂಥಿಯನ್ನೇ ತೆಗೆದರೆ ಆ ತೊಡಕು ಹೋಗುತ್ತದೆ, ಆದರೆ ಕೆಲವು ತಿಂಗಳು ತಡೆಯಲಾಗದೆ ಸೋರುತ್ತದೆ, ಕೆಲವರಿಗೆ ಪೂರ್ತಿ ನಿಲ್ಲುವುದೂ ಇಲ್ಲ.

"ಮತ್ತೆ ಗಂಡಹೆಂಡಿರ ವಿಷಯ?" ಎಂದರು ಹೆಂಡತಿ, ದನಿ ತಗ್ಗಿಸದೆ.

ಹರಾಜುಗಾರರು ಗೋಡೆಯ ಮೇಲಿನ ಸ್ವಿಚ್ಚುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದರು.

"ಎರಡರಲ್ಲೂ ಕಷ್ಟವಾಗಬಹುದು. ಆಪರೇಷನ್ನಿನಲ್ಲಿ ತಕ್ಷಣ, ರೇಡಿಯೇಷನ್ನಿನಲ್ಲಿ ನಿಧಾನವಾಗಿ. ಔಷಧಿ ಇದೆ, ಎಲ್ಲರಿಗೂ ನಾಟೋದಿಲ್ಲ."

"ನನಗೆ ಇವರು ಇರಬೇಕು," ಎಂದರು ಹೆಂಡತಿ. "ಉಳಿದದ್ದು ಇವರೇ ಹೇಳಲಿ."

ಸ್ವಿಚ್ಚುಗಳಿಗೆ ಹೇಳುವಂತೆ ಹರಾಜುಗಾರರು ಹೇಳಿದರು: "ತೆಗೆದುಬಿಡಿ."

ತೆಗೆದರು. ಆಮೇಲಿನ ರಕ್ತಪರೀಕ್ಷೆಗಳಲ್ಲಿ ಕ್ಯಾನ್ಸರಿನ ಸುಳಿವು ಕಾಣಲಿಲ್ಲ. ಸೋರುವುದು ಬಹುಮಟ್ಟಿಗೆ ನಿಂತಿತು, ಕೂಗಿದಾಗ ಹೊರತು. ಹೊಟ್ಟೆಯಿಂದ ದನಿ ತೆಗೆದರೆ ಸಾಕು, ಒಳಗೆ ಕಟ್ಟಿಕೊಂಡ ಪ್ಯಾಡು ಬೆಚ್ಚಗಾಗುತ್ತಿತ್ತು. ಹಲಗೆಯ ಮೇಲೆ ಮೈಕು ಬಂತು. ಆಪರೇಷನ್ನಿಗೆ ಕಾರಣ ಕಲ್ಲು, ಮೈಕಿಗೆ ಕಾರಣ ಗಂಟಲು ಎಂದು ಊರು ನಂಬಿತು. ಅವರೂ ನಂಬಲು ಬಿಟ್ಟರು. ಗಂಡಹೆಂಡಿರ ವಿಷಯ ಪೂರ್ತಿ ಮೊದಲಿನಂತಾಗಲಿಲ್ಲ. ಆದರೂ ಹಾಸಿಗೆ ಮತ್ತೆ ಒಂದಾಯಿತು.

ಹೀಗಿರುವಾಗ, ಅವರ ಹರಾಜಿನಲ್ಲಿ ಕೊಂಡು ಮಾರುವ ಬೀರು ವ್ಯಾಪಾರಿಯೊಬ್ಬ, ಜನ ಚದುರಿದ ಮೇಲೆ ಪಕ್ಕಕ್ಕೆ ಬಂದು ಕೆಮ್ಮಿದ. "ನಿಮಗೆ ಆ ಕಲ್ಲು... ಶುರುವಿನಲ್ಲಿ ಹೇಗೆ ಗೊತ್ತಾಯ್ತು? ನನಗೂ ಸ್ವಲ್ಪ... ಹೋಗೋದು ಬರೋದು ಜಾಸ್ತಿ ಆಗಿದೆ."

ಆ ತಡವರಿಕೆ ಹರಾಜುಗಾರರಿಗೆ ತಮ್ಮ ಅಂಗೈಯಷ್ಟು ಪರಿಚಿತ. ಆದರೂ ಬಾಯಿಂದ ಬಂದದ್ದು, "ನೀರು ಕುಡೀರಿ, ಸರಿಹೋಗುತ್ತೆ."

ಆ ಸಂಜೆ ಅವರು ಉಣ್ಣಲಿಲ್ಲ. ಬೆಳಗಾಗುತ್ತಲೇ ವ್ಯಾಪಾರಿಯ ಅಂಗಡಿಗೆ ಹೋದರು. ಆತ ಹಳೆಯ ಬೀರುವೊಂದಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದ. ಹರಾಜುಗಾರರು ಅದರ ಬಾಗಿಲು ತೆರೆದು, ಒಳಗಿನ ಖಾಲಿ ಅರೆಗಳನ್ನು ಪರೀಕ್ಷಿಸುವವರಂತೆ ತಲೆ ಒಳಗಿಟ್ಟು, "ನನಗೆ ಆಗಿದ್ದು ಕಲ್ಲಲ್ಲ," ಎಂದರು. ಎಲ್ಲವನ್ನೂ ಬೀರುವಿಗೇ ಹೇಳಿದರು. ಉಜ್ಜುವ ಸದ್ದು ನಿಂತಿತು. ವ್ಯಾಪಾರಿ ಕೇಳಿದ: "ಆ ಡಾಕ್ಟರು... ಹೆಣ್ಣೇ?"

"ಹೆಣ್ಣೇ. ಹೋಗಿ. ಹೆಂಡತಿಗೆ ಹೇಳಿ ಹೋಗಿ."

ಇಂಥವರು ಅಪರೂಪದವರಲ್ಲ, ನಮ್ಮ ನಡುವಿನ ಗಟ್ಟಿ ಗಂಡಸರೆನಿಸಿಕೊಂಡವರಲ್ಲಿ ಬಹುಮಂದಿ ಹೀಗೆಯೇ. ಸಾವಿಗೆ ಅವರು ಅಂಜುವುದು ಕಡಿಮೆ. ಕಾಯಿಲೆಯ ಹೆಸರು ಹೇಳುವಾಗ ಯಾರಾದರೂ ನಕ್ಕಾರೆಂಬ ಭಯಕ್ಕೆ ಪ್ರಾಣವನ್ನೇ ಒತ್ತೆಯಿಡಬಲ್ಲರು. ಕಾಯಿಲೆ ಗುಣವಾದರೂ ಆ ಲಜ್ಜೆ ಅವರನ್ನು ಬಿಟ್ಟುಹೋಗುವುದಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆಯೂ ಇಲ್ಲ. ಹೆಚ್ಚೆಂದರೆ ಒಂದು ದಿನ, ನಾಚುತ್ತಲೇ, ಮುಖವನ್ನು ಎಲ್ಲೋ ಹುದುಗಿಸಿಕೊಂಡೇ, ಇನ್ನೊಬ್ಬನಿಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತಾರೆ. ಅವರಿಂದ ಅದಕ್ಕಿಂತ ದೊಡ್ಡ ಧೈರ್ಯವನ್ನು ಬೇಡುವ ಹಕ್ಕು ನಮಗಾರಿಗೂ ಇಲ್ಲ.